ಸೇವಾಪತ್ರವೂ ಸಾಮರ್ಥ್ಯಪತ್ರವೂ: ಲಿನಕ್ಸ್ ನಿರ್ವಹಣಾ ವೃತ್ತಿಯಲ್ಲಿ ಅರ್ಹತಾಪರೀಕ್ಷೆಗಳ ಇತಿಹಾಸ

ಒಂದು ಉದ್ಯೋಗದಲ್ಲಿ ಹತ್ತು ಹದಿನೈದು ವರ್ಷಗಳನ್ನು ಕಳೆದವರು ಅದನ್ನು ಬಿಟ್ಟು ಲಿನಕ್ಸ್ ವ್ಯವಸ್ಥೆಗಳ ನಿರ್ವಹಣೆಯನ್ನು ವೃತ್ತಿಯಾಗಿ ಹಿಡಿಯಬೇಕೆಂದು ಬಯಸಿದಾಗ, ಅವರು ಮೊದಲು ಕೇಳುವ ಪ್ರಶ್ನೆ ಪ್ರಾಯಶಃ ಒಂದೇ: ಈ ವಿಷಯದಲ್ಲಿ ಪರೀಕ್ಷೆ ಕೊಟ್ಟು ಪಡೆಯುವ ಪ್ರಮಾಣಪತ್ರಗಳಿಂದ ಪ್ರಯೋಜನವುಂಟೇ? ಇದಕ್ಕೆ ದೊರೆಯುವ ಉತ್ತರಗಳು ಎರಡು ಬಗೆಯಾಗಿವೆ. ಪತ್ರವಿಲ್ಲದವನ ಅರ್ಜಿಯನ್ನು ಯಾರೂ ಓದುವುದಿಲ್ಲವೆಂದು ಒಂದು ಪಕ್ಷದವರು ಹೇಳಿದರೆ, ಪತ್ರವು ಗೋಡೆಗೆ ತೂಗುಹಾಕುವ ಅಲಂಕಾರವಷ್ಟೇ, ಕೆಲಸ ಬಲ್ಲವನಿಗೆ ಅದು ಬೇಡ, ಬಾರದವನಿಗೆ ಅದರಿಂದ ಆಗುವುದೇನೂ ಇಲ್ಲವೆಂದು ಇನ್ನೊಂದು ಪಕ್ಷದವರು ಹೇಳುತ್ತಾರೆ. ಎರಡೂ ಪಕ್ಷದವರು ತಂತಮ್ಮ ಅನುಭವವನ್ನೇ ಪ್ರಮಾಣವಾಗಿ ಮುಂದಿಡುತ್ತಾರಲ್ಲದೆ, ಈ ಪತ್ರಗಳು ಯಾವ ಕಾಲದಲ್ಲಿ, ಯಾರ ಅಗತ್ಯವನ್ನು ಪೂರೈಸುವುದಕ್ಕಾಗಿ ಹುಟ್ಟಿದುವು ಎಂಬುದನ್ನು ವಿಚಾರಿಸುವುದು ಅಪರೂಪ. ಪ್ರಕೃತ ಲೇಖನದ ಉದ್ದೇಶ ಆ ವಿಚಾರಣೆಯೇ. ಇದು ಬರಿಯ ಕುತೂಹಲದ ವಿಷಯವಲ್ಲ. ನಡುವಯಸ್ಸಿನಲ್ಲಿ ವೃತ್ತಿಯನ್ನು ಬದಲಾಯಿಸುವವರು ತಮ್ಮ ಉಳಿತಾಯವನ್ನೂ ರಾತ್ರಿಗಳನ್ನೂ ಈ ಪರೀಕ್ಷೆಗಳಿಗಾಗಿ ವ್ಯಯಮಾಡುತ್ತಾರೆ. ಆ ಲೆಕ್ಕ ತಪ್ಪಿದರೆ ನಷ್ಟವಾಗುವುದು ಒಂದು ಸಂಸಾರಕ್ಕೆ.

ಗಣಕಯಂತ್ರಗಳಿಗಿಂತ ಬಹಳ ಹಿಂದಿನ ಒಂದು ದೃಷ್ಟಾಂತ ಇಲ್ಲಿ ನಮಗೆ ನೆರವಾಗುತ್ತದೆ. 1850ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ವಾಣಿಜ್ಯ ನೌಕೆಗಳಿಗೆ ಸಂಬಂಧಿಸಿದ ಶಾಸನವೊಂದನ್ನು ಅಂಗೀಕರಿಸಿ, ವಿದೇಶಯಾನ ಮಾಡುವ ಹಡಗುಗಳ ಕಪ್ತಾನರೂ ಅವರ ಕೈಕೆಳಗಿನ ಮೇಟುಗಳೂ ಅಧಿಕೃತ ಪತ್ರವನ್ನು ಹೊಂದಿರಲೇಬೇಕೆಂದು ವಿಧಿಸಿತು. ಐದು ವರ್ಷ ಮುಂಚೆ, ಎಂದರೆ 1845ರಲ್ಲಿ, ಇಂಥ ಪರೀಕ್ಷೆಯನ್ನು ಇಚ್ಛೆಯುಳ್ಳವರಿಗಾಗಿ ಏರ್ಪಡಿಸಲಾಗಿತ್ತು. ಈಗ ಅದು ಕಡ್ಡಾಯವಾಯಿತು. ಆದರೆ ಆ ವೇಳೆಗಾಗಲೇ ಹಡಗು ನಡೆಸಿ ತಲೆ ನರೆತಿದ್ದವರನ್ನು ಏನು ಮಾಡುವುದು? ಶಾಸನಕರ್ತರು ಇದಕ್ಕೊಂದು ಜಾಣ ಪರಿಹಾರವನ್ನು ಕಂಡುಕೊಂಡರು. ಹಿಂದಿನಿಂದ ಕೆಲಸ ಮಾಡುತ್ತ ಬಂದವರಿಗೆ ಪರೀಕ್ಷೆಯಿಲ್ಲದೆಯೇ ‘ಸೇವಾಪತ್ರ’ವನ್ನೂ, ಹೊಸದಾಗಿ ಪರೀಕ್ಷೆಗೆ ಕುಳಿತು ತೇರ್ಗಡೆಯಾದವರಿಗೆ ‘ಸಾಮರ್ಥ್ಯಪತ್ರ’ವನ್ನೂ ಕೊಡುವುದೆಂದು ಗೊತ್ತುಮಾಡಿದರು. ಮೊದಲನೆಯದು ‘ಇವನು ಮಾಡಿದ್ದಾನೆ’ ಎಂದು ಹೇಳುತ್ತದೆ. ಎರಡನೆಯದು ‘ಇವನು ಮಾಡಬಲ್ಲನು’ ಎಂದು ಹೇಳುತ್ತದೆ. ಈ ಎರಡು ವಾಕ್ಯಗಳ ನಡುವಣ ಅಂತರವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ಕಥೆ ಸುಲಭವಾಗಿ ತಿಳಿಯುತ್ತದೆ. ವೃತ್ತಿಯನ್ನು ಬದಲಾಯಿಸುವವನೆಂದರೆ ಹೊಸ ವೃತ್ತಿಯಲ್ಲಿ ಸೇವಾಪತ್ರವಿಲ್ಲದವನೇ ಅಲ್ಲವೇ?

ಲಿನಕ್ಸಿನ ಹಿಂದಿನ ಯೂನಿಕ್ಸ್ ಕಾಲದಲ್ಲಿ ಸಾಮರ್ಥ್ಯಪತ್ರದ ಮಾತೇ ಇರಲಿಲ್ಲ. 1969ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚಿ ಇವರ ಕೈಯಲ್ಲಿ ಮೈತಳೆದ ಯೂನಿಕ್ಸ್, ಮುಂದಿನ ಎರಡು ದಶಕಗಳಲ್ಲಿ ವಿಶ್ವವಿದ್ಯಾನಿಲಯಗಳಲ್ಲಿಯೂ ಸಂಶೋಧನಾಲಯಗಳಲ್ಲಿಯೂ ಹಬ್ಬಿತು. ಅಲ್ಲಿ ಯಂತ್ರವನ್ನು ನೋಡಿಕೊಳ್ಳುತ್ತಿದ್ದವರು ಬಹುಮಟ್ಟಿಗೆ ವಿದ್ಯಾರ್ಥಿಗಳು, ಟೇಪು ಬದಲಾಯಿಸುವ ಆಪರೇಟರುಗಳು, ಅಥವಾ ಬೇರೆ ಯಾವುದೋ ಕೆಲಸಕ್ಕೆ ಸೇರಿ ‘ನಿನಗೆ ಗೊತ್ತಿದೆಯಲ್ಲ, ನೀನೇ ನೋಡಿಕೋ’ ಎನ್ನಿಸಿಕೊಂಡವರು. ಕಲಿಕೆಯೆಲ್ಲ ಹಿರಿಯನೊಬ್ಬನ ಬೆನ್ನ ಹಿಂದೆ ನಿಂತು ನೋಡುವುದರಿಂದ ನಡೆಯುತ್ತಿತ್ತು. ಇದೊಂದು ಪ್ರತ್ಯೇಕ ವೃತ್ತಿಯೆಂಬ ಪ್ರಜ್ಞೆ ಮೂಡಿದುದು 1980ರ ದಶಕದ ಕೊನೆಯಲ್ಲಿ. ಅಮೆರಿಕದ ಯೂಸ್‌ನಿಕ್ಸ್ ಸಂಘವು ದೊಡ್ಡ ಸ್ಥಾವರಗಳ ವ್ಯವಸ್ಥಾನಿರ್ವಹಣೆಯನ್ನು ಕುರಿತು ಮೊದಲ ಕಾರ್ಯಗೋಷ್ಠಿಯನ್ನು ನಡೆಸಿದ್ದು 1987ರಲ್ಲಿ. ಕೊಲರಾಡೋ ವಿಶ್ವವಿದ್ಯಾನಿಲಯದ ಈವಿ ನೆಮೆತ್ ಅವರು ಗಾರ್ತ್ ಸ್ನೈಡರ್ ಮತ್ತು ಸ್ಕಾಟ್ ಸೀಬಾಸ್ ಅವರೊಡಗೂಡಿ ಬರೆದ ಯೂನಿಕ್ಸ್ ನಿರ್ವಹಣೆಯ ಕೈಪಿಡಿ 1989ರಲ್ಲಿ ಪ್ರಕಟವಾಯಿತು. 1992ರಲ್ಲಿ ಸ್ಥಾಪಿತವಾದ ನಿರ್ವಾಹಕರ ಸಂಘವು ತನ್ನ ಹೆಸರಿನಲ್ಲಿಯೇ ‘ಗಿಲ್ಡ್’ ಎಂಬ ಮಾತನ್ನಿಟ್ಟುಕೊಂಡಿತು. ಮಧ್ಯಯುಗದ ಕುಶಲಕರ್ಮಿಗಳ ಶ್ರೇಣಿಯನ್ನು ನೆನಪಿಗೆ ತರುವ ಈ ಹೆಸರು ಆಕಸ್ಮಿಕವಾದದ್ದಲ್ಲ. ಆ ಸಂಘವು ಪ್ರಕಟಿಸಿದ ಉದ್ಯೋಗವಿವರಣೆಯ ಪುಸ್ತಿಕೆಯಲ್ಲಿ ಹೊಸಬ, ಕಿರಿಯ, ಮಧ್ಯಮ, ಹಿರಿಯ ಎಂಬ ಮೆಟ್ಟಿಲುಗಳಿವೆ. ಒಂದರಿಂದ ಇನ್ನೊಂದಕ್ಕೆ ಏರುವುದಕ್ಕೆ ಮುಖ್ಯವಾಗಿ ಬೇಕಾದದ್ದು ಅನುಭವ.

ಪರೀಕ್ಷೆಯ ಪದ್ಧತಿ ಬಂದುದು ಈ ಶಿಷ್ಯಪರಂಪರೆಯಿಂದಲ್ಲ, ಮಾರುಕಟ್ಟೆಯಿಂದ. 1980ರ ದಶಕದ ಕೊನೆಯಲ್ಲಿ ಕಚೇರಿಗಳ ಪುಟ್ಟ ಗಣಕಗಳನ್ನು ಒಂದಕ್ಕೊಂದು ಜೋಡಿಸುವ ತಂತ್ರಾಂಶವನ್ನು ಮಾರುತ್ತಿದ್ದ ನೋವೆಲ್ ಕಂಪನಿಯು, ತನ್ನ ಸರಕನ್ನು ಸ್ಥಾಪಿಸಿ ನೋಡಿಕೊಳ್ಳಬಲ್ಲವರು ಊರೂರಿನಲ್ಲಿಯೂ ದೊರೆಯದಿದ್ದರೆ ಸರಕೇ ಮಾರಾಟವಾಗದೆಂಬುದನ್ನು ಕಂಡುಕೊಂಡು, ಪರೀಕ್ಷೆ ನಡೆಸಿ ಪತ್ರ ಕೊಡತೊಡಗಿತು. 1990ರ ದಶಕದ ಆರಂಭದಲ್ಲಿ ಮೈಕ್ರೋಸಾಫ್ಟ್ ಕಂಪನಿ ಅದೇ ಹಾದಿಯನ್ನು ಹಿಡಿಯಿತು. ಇಲ್ಲಿ ಗಮನಿಸತಕ್ಕ ವಿಷಯವೊಂದಿದೆ. ಈ ಪತ್ರಗಳು ಮೊಟ್ಟಮೊದಲು ಹುಟ್ಟಿದುದು ಉದ್ಯೋಗಾರ್ಥಿಯ ಹಿತಕ್ಕಾಗಿಯೂ ಅಲ್ಲ, ಉದ್ಯೋಗದಾತನ ಹಿತಕ್ಕಾಗಿಯೂ ಅಲ್ಲ. ತಂತ್ರಾಂಶವನ್ನು ಮಾರುವವನ ಹಿತಕ್ಕಾಗಿ. ಉಳಿದಿಬ್ಬರಿಗೆ ಅದರಿಂದ ಲಾಭವಾಗಲಿಲ್ಲವೆಂದು ಇದರ ಅರ್ಥವಲ್ಲ. ಲಾಭವಾಯಿತು, ಕೆಲವು ಕಾಲ ಚೆನ್ನಾಗಿಯೇ ಆಯಿತು.

ಆ ಲಾಭ ಕುಗ್ಗಿದ ಬಗೆಯೂ ವಿಚಾರಾರ್ಹವಾದದ್ದು. ಬಹು ಆಯ್ಕೆಯ ಪ್ರಶ್ನೆಗಳ ಪರೀಕ್ಷೆಯಲ್ಲಿ ಪ್ರಶ್ನೆಗಳ ಭಂಡಾರಕ್ಕೊಂದು ಮಿತಿಯಿರುತ್ತದೆ. ಪರೀಕ್ಷೆ ಬರೆದು ಹೊರಬಂದವರು ನೆನಪಿನಲ್ಲಿದ್ದ ಪ್ರಶ್ನೆಗಳನ್ನು ಬರೆದಿಟ್ಟರು. ಹಲವರ ನೆನಪುಗಳನ್ನು ಕೂಡಿಸಿದವರು ಅದನ್ನು ಮಾರಿದರು. ‘ಬ್ರೇನ್‌ಡಂಪ್’ ಎಂದು ಕರೆಯಲ್ಪಟ್ಟ ಈ ಸಂಗ್ರಹಗಳನ್ನು ಎರಡು ವಾರ ಉರುಹೊಡೆದು, ಒಂದು ದಿನವೂ ಯಂತ್ರವನ್ನು ಮುಟ್ಟದೆ, ಎಂಜಿನಿಯರ್ ಎಂಬ ಬಿರುದನ್ನು ಪಡೆದವರು ಕಾಣಿಸಿಕೊಂಡರು. ಇಂಥವರನ್ನು ಅಮೆರಿಕದ ಕಚೇರಿಗಳಲ್ಲಿ ‘ಕಾಗದದ ಎಂಜಿನಿಯರು’ಗಳೆಂದು ಹಾಸ್ಯಮಾಡುವುದು ರೂಢಿಯಾಯಿತು. (ಮಾರ್ಗದರ್ಶಿಗಳನ್ನು ಕಂಠಪಾಠ ಮಾಡಿ ಪದವಿ ಪರೀಕ್ಷೆ ದಾಟುವ ಪರಿಯನ್ನು ಬಲ್ಲ ನಮ್ಮ ಅಧ್ಯಾಪಕವರ್ಗಕ್ಕೆ ಇದರಲ್ಲಿ ಹೊಸತೇನೂ ಕಾಣದು.) ಅರ್ಥಶಾಸ್ತ್ರಜ್ಞ ಮೈಕೆಲ್ ಸ್ಪೆನ್ಸ್ ಅವರು 1973ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ ಈ ಸಂಗತಿಗೆ ಬೇಕಾದ ಸೂತ್ರ ಆಗಲೇ ದೊರೆಯುತ್ತದೆ. ಉದ್ಯೋಗದಾತನಿಗೆ ಅರ್ಜಿದಾರನ ಒಳಗಿನ ಶಕ್ತಿ ಕಾಣುವುದಿಲ್ಲ. ಆದುದರಿಂದ ಅವನು ಹೊರಗಿನ ಸಂಕೇತವೊಂದನ್ನು ನೋಡುತ್ತಾನೆ. ಆ ಸಂಕೇತವನ್ನು ಗಳಿಸುವುದು ಶಕ್ತನಿಗೆ ಸುಲಭವಾಗಿಯೂ ಅಶಕ್ತನಿಗೆ ಕಷ್ಟವಾಗಿಯೂ ಇರುವ ತನಕ ಮಾತ್ರ ಅದಕ್ಕೆ ಬೆಲೆ. ಇಬ್ಬರಿಗೂ ಒಂದೇ ಬೆಲೆಗೆ ದೊರೆಯುವ ಸಂಕೇತವು ಏನನ್ನೂ ಸೂಚಿಸುವುದಿಲ್ಲ. ಸ್ಪೆನ್ಸ್ ಅವರಿಗೆ ಜಾರ್ಜ್ ಅಕರ್ಲಾಫ್ ಮತ್ತು ಜೋಸೆಫ್ ಸ್ಟಿಗ್ಲಿಟ್ಜ್ ಅವರೊಡನೆ ನೊಬೆಲ್ ಸ್ಮಾರಕ ಪಾರಿತೋಷಕ ಬಂದುದು 2001ರಲ್ಲಿ.

ಈ ನಡುವೆ ಲಿನಕ್ಸ್ ಬೇರೊಂದು ದಾರಿಯಲ್ಲಿ ಬೆಳೆಯುತ್ತಿತ್ತು. ಹೆಲ್ಸಿಂಕಿಯ ವಿದ್ಯಾರ್ಥಿಯಾಗಿದ್ದ ಲೀನಸ್ ಟೋರ್ವಾಲ್ಡ್ಸ್ 1991ರ ಆಗಸ್ಟ್ 25ರಂದು ತನ್ನ ಪ್ರಯತ್ನವನ್ನು ಲೋಕಕ್ಕೆ ತಿಳಿಸಿದರು. 1994ರ ಮಾರ್ಚಿಯಲ್ಲಿ ಅದರ 1.0 ಆವೃತ್ತಿ ಹೊರಬಂದಿತು. ರಿಚರ್ಡ್ ಸ್ಟಾಲ್ಮನ್ ಅವರು 1983ರಲ್ಲಿ ಘೋಷಿಸಿದ ಗ್ನೂ ಯೋಜನೆಯ ಉಪಕರಣಗಳೊಡನೆ ಸೇರಿಕೊಂಡು ಅದು ಪೂರ್ಣ ವ್ಯವಸ್ಥೆಯಾಯಿತು. ಇಲ್ಲಿ ಎಲ್ಲರ ಕೆಲಸವೂ ಎಲ್ಲರ ಕಣ್ಣೆದುರಿಗೆ ನಡೆಯುತ್ತಿದ್ದುದರಿಂದ, ಯಾರು ಏನು ಬಲ್ಲರೆಂಬುದಕ್ಕೆ ಪತ್ರದ ಅಗತ್ಯವಿರಲಿಲ್ಲ. ಅವರು ಬರೆದ ತಿದ್ದುಪಡಿಯೇ ಸಾಕ್ಷಿ. ಹೀಗಿರುವಲ್ಲಿ, 1998ರ ಅಕ್ಟೋಬರಿನ ‘ಲಿನಕ್ಸ್ ಗೆಜೆಟ್’ ಪತ್ರಿಕೆಯಲ್ಲಿ ಡ್ಯಾನ್ ಯಾರ್ಕ್ ಎಂಬವರು ಲಿನಕ್ಸಿಗೂ ಒಂದು ಅರ್ಹತಾಪರೀಕ್ಷೆ ಬೇಕೆಂದು ವಾದಿಸಿದಾಗ, ಎಲ್ಲರೂ ಅದನ್ನು ಸಂತೋಷದಿಂದ ಸ್ವಾಗತಿಸಲಿಲ್ಲವೆಂಬುದು ಸಹಜವೇ. ಆದರೆ ವಾದದಲ್ಲಿ ಹುರುಳಿತ್ತು. ಲಿನಕ್ಸ್ ಆಗ ಬಳಗದಾಚೆಗಿನ ಕಚೇರಿಗಳನ್ನು ಪ್ರವೇಶಿಸುತ್ತಿತ್ತು. ಬಳಗದೊಳಗೆ ಪರಸ್ಪರ ಗುರುತಿದ್ದವರಿಗೆ ಪತ್ರ ಬೇಡ. ಬಳಗವನ್ನೇ ಅರಿಯದ ಕಚೇರಿಯ ಮೇಲಧಿಕಾರಿಗೆ ಗುರುತಿನ ಚೀಟಿ ಬೇಕು. ಪ್ರಮಾಣಪತ್ರವೆಂಬುದು ಅಪರಿಚಿತರ ನಡುವಣ ಪತ್ರವೆಂಬುದು ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಮುಂದಿನ ಎರಡು ಮೂರು ವರ್ಷಗಳಲ್ಲಿ ಹಲವು ಪರೀಕ್ಷೆಗಳು ಒಟ್ಟಿಗೆ ಹುಟ್ಟಿದುವು. ಮಿಸಿಸಿಪಿ ವಿಶ್ವವಿದ್ಯಾನಿಲಯದ ಟೋಬಿನ್ ಮ್ಯಾಗಿನಿಸ್ ಅವರು ಆರಂಭಿಸಿದ ‘ಸೇರ್’ ಪರೀಕ್ಷೆ ಬೇಗನೆ ಮರೆಯಾಯಿತು. 1999ರ ಅಕ್ಟೋಬರಿನಲ್ಲಿ ಕೆನಡಾದಲ್ಲಿ ಲಾಭರಹಿತ ಸಂಸ್ಥೆಯಾಗಿ ನೋಂದಾಯಿತವಾದ ಲಿನಕ್ಸ್ ಪ್ರೊಫೆಷನಲ್ ಇನ್‌ಸ್ಟಿಟ್ಯೂಟು ಯಾವ ಕಂಪನಿಯ ಆವೃತ್ತಿಗೂ ಕಟ್ಟುಬೀಳದ ಪರೀಕ್ಷೆಯನ್ನು ರೂಪಿಸಿ, 2000ದ ಜನವರಿಯಲ್ಲಿ ಮೊದಲ ಪ್ರಶ್ನೆಪತ್ರಿಕೆಯನ್ನು ಹೊರತಂದಿತು. ಕಾಂಪ್‌ಟಿಯಾ ಸಂಸ್ಥೆಯ ‘ಲಿನಕ್ಸ್ ಪ್ಲಸ್’ 2001ರಲ್ಲಿ ಬಂದಿತು. ಇವೆರಡರ ಸಂಬಂಧದಲ್ಲಿ ಒಂದು ವಿನೋದವುಂಟು: ಸುಮಾರು ಒಂದು ದಶಕದ ಬಳಿಕ ಈ ಎರಡು ಸಂಸ್ಥೆಗಳು ಕೈಜೋಡಿಸಿದುವು, 2019ರ ತನಕವೂ ಒಂದೇ ಜೋಡಿ ಪ್ರಶ್ನೆಪತ್ರಿಕೆಗಳಿಗೆ ಉತ್ತರಿಸಿದವನು ಎರಡು ಪತ್ರಗಳಿಗೆ ಹಕ್ಕುದಾರನಾಗುತ್ತಿದ್ದನು. ಅರ್ಜಿಯಲ್ಲಿ ಅವೆರಡನ್ನೂ ಬೇರೆ ಬೇರೆ ಸಾಲುಗಳಲ್ಲಿ ನಮೂದಿಸಿದವರ ಜ್ಞಾನ ಇಮ್ಮಡಿಯಾಗಿತ್ತೆಂದು ಭಾವಿಸಬೇಕಾಗಿಲ್ಲ.

ಇವೆಲ್ಲಕ್ಕಿಂತ ಭಿನ್ನವಾದದ್ದು ರೆಡ್ ಹ್ಯಾಟ್ ಕಂಪನಿಯು 1999ರಲ್ಲಿ ಪ್ರಾರಂಭಿಸಿದ ‘ಆರ್‌ಎಚ್‌ಸಿಇ’ ಪರೀಕ್ಷೆ. ಮಾರುವವನೇ ನಡೆಸುವ ಪರೀಕ್ಷೆಯೆಂಬ ದೃಷ್ಟಿಯಿಂದ ಇದು ನೋವೆಲ್ಲಿನ ಸಂತತಿಯೇ. ಆದರೆ ಕಾಗದದ ಎಂಜಿನಿಯರುಗಳ ಕಥೆಯಿಂದ ಅದು ಪಾಠ ಕಲಿತಿತ್ತೆಂದು ತೋರುತ್ತದೆ. ಆರಂಭದಲ್ಲಿ ಬಹು ಆಯ್ಕೆಯ ಪ್ರಶ್ನೆಗಳ ಒಂದು ಭಾಗವಿದ್ದರೂ, ಉಳಿದೆರಡು ಭಾಗಗಳಲ್ಲಿ ಪರೀಕ್ಷಾರ್ಥಿಯನ್ನು ಯಂತ್ರದ ಮುಂದೆಯೇ ಕೂರಿಸಿ, ಒಂದರಲ್ಲಿ ಕೆಟ್ಟದ್ದನ್ನು ಸರಿಪಡಿಸಲೂ ಇನ್ನೊಂದರಲ್ಲಿ ಹೊಸದಾಗಿ ಸ್ಥಾಪಿಸಿ ಸೇವೆಗಳನ್ನು ಏರ್ಪಡಿಸಲೂ ಹೇಳಲಾಗುತ್ತಿತ್ತು. ಬಹು ಆಯ್ಕೆಯ ಭಾಗ ಮುಂದೆ ಬಿದ್ದುಹೋಯಿತು. ಇದಕ್ಕಿಂತ ಕೆಳಗಿನ ಮೆಟ್ಟಿಲಾದ, 2010ರಿಂದ ‘ಆರ್‌ಎಚ್‌ಸಿಎಸ್‌ಎ’ ಎಂಬ ಹೆಸರಿನಿಂದ ನಡೆಯುತ್ತಿರುವ ಪರೀಕ್ಷೆಯೂ ಕೇವಲ ಪ್ರಾಯೋಗಿಕವಾದದ್ದು. 2014ರಲ್ಲಿ ಲಿನಕ್ಸ್ ಫೌಂಡೇಷನ್ ಆರಂಭಿಸಿದ ನಿರ್ವಾಹಕ ಪರೀಕ್ಷೆಯೂ ಇದೇ ಜಾಡನ್ನು ಹಿಡಿದು, ಪರೀಕ್ಷಾರ್ಥಿಯು ಮನೆಯಿಂದಲೇ, ಕ್ಯಾಮೆರಾದ ಕಾವಲಿನಲ್ಲಿ, ದೂರದ ಯಂತ್ರದ ಮೇಲೆ ಕೆಲಸ ಮಾಡಿ ತೋರಿಸುವ ಏರ್ಪಾಟನ್ನು ಮಾಡಿತು.

ಇಂಥ ಪರೀಕ್ಷೆಯ ಒಳಗನ್ನು ಸ್ವಲ್ಪ ವಿವರವಾಗಿ ನೋಡುವುದು ಯುಕ್ತ. ಪತ್ರದ ಬೆಲೆಯ ಗುಟ್ಟು ಅಲ್ಲಿಯೇ ಇದೆ. ಪ್ರಕಟಿತ ಪಠ್ಯಸೂಚಿಯ ಪ್ರಕಾರ ಪರೀಕ್ಷಾರ್ಥಿಯು ಯಂತ್ರದ ಆರಂಭಕ್ರಿಯೆಯನ್ನು ನಡುವೆ ತಡೆದು ಒಳಹೊಗಲು ಬಲ್ಲವನಾಗಿರಬೇಕು. ಎಂದರೆ, ಸರ್ವಾಧಿಕಾರವುಳ್ಳ ‘ರೂಟ್’ ಬಳಕೆದಾರನ ಗುಪ್ತಪದ ತಿಳಿಯದ ಯಂತ್ರವನ್ನು ಕೈಗೆ ಕೊಟ್ಟರೆ ಅದನ್ನು ವಶಪಡಿಸಿಕೊಳ್ಳಬೇಕು. ಗುಪ್ತಪದವನ್ನು ಬದಲಾಯಿಸುವುದು ಸುಲಭ. ಆದರೆ ಹಲವು ಆವೃತ್ತಿಗಳಲ್ಲಿ, ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆಯು 2000ದಲ್ಲಿ ಬಿಡುಗಡೆ ಮಾಡಿದ ‘ಎಸ್‌ಇಲಿನಕ್ಸ್’ ಎಂಬ ರಕ್ಷಣಾಪದರವು ಜಾರಿಯಲ್ಲಿರುವಾಗ, ಹೀಗೆ ಹಿಂಬಾಗಿಲಿನಿಂದ ಬದಲಾದ ಕಡತದ ಮೇಲಿನ ಗುರುತುಚೀಟಿಗಳನ್ನು ಮತ್ತೆ ಹಚ್ಚುವಂತೆ ಯಂತ್ರಕ್ಕೆ ಸೂಚನೆ ಕೊಡಬೇಕಾಗುತ್ತದೆ. ಅದನ್ನು ಮರೆತವನು ಮರುಚಾಲನೆಯ ಬಳಿಕ ತಾನೇ ಇಟ್ಟ ಹೊಸ ಗುಪ್ತಪದವನ್ನು ಎಷ್ಟು ಸಲ ಬರೆದರೂ ಯಂತ್ರ ಬಾಗಿಲು ತೆರೆಯುವುದಿಲ್ಲ. ಇನ್ನೊಂದು ಉದಾಹರಣೆ: ಹೊಸ ಸಂಗ್ರಹಭಾಗವನ್ನು ಸೃಷ್ಟಿಸಿ, ಯಂತ್ರವು ಪ್ರತಿಸಲವೂ ಅದನ್ನು ತಾನಾಗಿ ಜೋಡಿಸಿಕೊಳ್ಳುವಂತೆ ‘ಎಫ್‌ಎಸ್‌ಟ್ಯಾಬ್’ ಎಂಬ ಕಡತದಲ್ಲಿ ಒಂದು ಸಾಲು ಬರೆಯಬೇಕು. ಆ ಸಾಲಿನಲ್ಲಿ ಒಂದಕ್ಷರ ತಪ್ಪಿದರೂ ಇದ್ದಕ್ಕಿದ್ದಂತೆ ಏನೂ ಆಗುವುದಿಲ್ಲ. ಮುಂದಿನ ಸಲ ಆರಂಭವಾಗುವಾಗ ಯಂತ್ರ ಅರ್ಧದಾರಿಯಲ್ಲಿ ನಿಂತುಬಿಡುತ್ತದೆ. ಮಾಡಿದ ಕೆಲಸವೆಲ್ಲ ಮರುಚಾಲನೆಯ ನಂತರವೂ ನಿಂತಿರಬೇಕೆಂಬುದೇ ಈ ಪರೀಕ್ಷೆಯ ಮೂಲನಿಯಮ. ಯಂತ್ರದೊಳಗಿರುವ ಕೈಪಿಡಿಯ ಪುಟಗಳನ್ನು ತೆರೆದು ನೋಡಲು ಅಡ್ಡಿಯಿಲ್ಲ. ಹೊರಗಿನ ಜಾಲವನ್ನು ನೋಡುವಂತಿಲ್ಲ. ಇದನ್ನು ಉರುಹೊಡೆದು ದಾಟುವುದು ಸಾಧ್ಯವೇ ಇಲ್ಲವೆಂದಲ್ಲ. ಆದರೆ ಉರುಹೊಡೆಯುವ ಶ್ರಮವು ಕಲಿಯುವ ಶ್ರಮಕ್ಕೆ ಹತ್ತಿರವಾಗಿಬಿಡುತ್ತದೆ. ಸ್ಪೆನ್ಸ್ ಅವರ ಸೂತ್ರ ಬಯಸುವುದು ಇದನ್ನೇ.

ಆದರೂ ಈ ಸಾಮರ್ಥ್ಯಪತ್ರ ಸೇವಾಪತ್ರವಾಗುವುದಿಲ್ಲ. ಪರೀಕ್ಷೆಯ ಯಂತ್ರ ಅಂದೇ ಹುಟ್ಟಿ ಅಂದೇ ಸಂಜೆ ಅಳಿಸಿಹೋಗುತ್ತದೆ. ಅದಕ್ಕೆ ಹಿಂದಿನ ಚರಿತ್ರೆಯಿಲ್ಲ, ಮುಂದಿನ ನಾಳೆಯಿಲ್ಲ. ನಿಜವಾದ ಕಚೇರಿಯ ಯಂತ್ರವೋ, ಏಳೆಂಟು ವರ್ಷಗಳ ಹಿಂದೆ ಕೆಲಸ ಬಿಟ್ಟುಹೋದವನೊಬ್ಬನು ಯಾವ ಟಿಪ್ಪಣಿಯನ್ನೂ ಬರೆಯದೆ ಅಲ್ಲಲ್ಲಿ ಸೇರಿಸಿದ ಆಜ್ಞಾವಳಿಗಳಿಂದ ತುಂಬಿರುತ್ತದೆ. ಯಾವುದನ್ನು ಮುಟ್ಟಬಾರದೆಂಬುದನ್ನು ತಿಳಿಯುವುದೇ ಅಲ್ಲಿ ಮುಖ್ಯವಾದ ವಿದ್ಯೆ. ನಡುರಾತ್ರಿ ಕರೆ ಬಂದಾಗ ಒಡನೆಯೇ ಕೈಹಾಕದೆ ಐದು ನಿಮಿಷ ದಾಖಲೆಗಳನ್ನು ಓದುವ ಸಂಯಮ, ಹಿಂದಿನ ವಾರದ ಪ್ರತಿಯಿಂದ ಕಡತಗಳನ್ನು ಮರಳಿ ತರುವಾಗ ಆ ಪ್ರತಿಯೇ ಖಾಲಿಯೆಂದು ತಿಳಿದುಬರುವ ಗಳಿಗೆ, ತಾನೇ ಅಳಿಸಿದ್ದನ್ನು ಮೇಲಧಿಕಾರಿಗೆ ಮುಚ್ಚಿಡದೆ ಹೇಳುವ ಧೈರ್ಯ ಇವುಗಳನ್ನು ಮೂರು ಗಂಟೆಗಳ ಪರೀಕ್ಷೆಯೊಳಕ್ಕೆ ತರುವ ಉಪಾಯವನ್ನು ಯಾರೂ ಕಂಡುಹಿಡಿದಿಲ್ಲ. ಸಂದರ್ಶನದಲ್ಲಿ ಅನುಭವಿಗಳು ಕೇಳುವುದು ಬಹುಮಟ್ಟಿಗೆ ಇಂಥ ವಿಷಯಗಳನ್ನೇ. ಪತ್ರವನ್ನು ನೋಡಿ ಒಳಕ್ಕೆ ಕರೆದವರು, ಕರೆದ ಮೇಲೆ ಪತ್ರದ ಸುದ್ದಿಯನ್ನೇ ಎತ್ತದಿರುವುದು ಈ ಕಾರಣದಿಂದ.

ಇತಿಹಾಸಕಾರನಿಗೆ ಈ ಪರೀಕ್ಷೆಗಳ ಹಳೆಯ ಪಠ್ಯಸೂಚಿಗಳು ಇನ್ನೊಂದು ಬಗೆಯಲ್ಲಿ ಉಪಯುಕ್ತವಾದ ಆಕರಗಳು. ಲಿನಕ್ಸ್ ಪ್ರೊಫೆಷನಲ್ ಇನ್‌ಸ್ಟಿಟ್ಯೂಟಿನ ಮೊದಮೊದಲಿನ ಸೂಚಿಯಲ್ಲಿ ಮೋಡೆಮ್ಮುಗಳು, ಧ್ವನಿಫಲಕಗಳು, ದೂರವಾಣಿ ತಂತಿಯ ಮೂಲಕ ಜಾಲಕ್ಕೆ ಸೇರುವ ವಿಧಾನ ಇವೆಲ್ಲ ಇದ್ದುವು. 2018ರ ಐದನೆಯ ಆವೃತ್ತಿಯಲ್ಲಿ ಅವುಗಳ ಬದಲು ಮೋಡದಲ್ಲಿ ತೇಲುವ ಕಲ್ಪಿತ ಯಂತ್ರಗಳ ಪ್ರಸ್ತಾಪವಿದೆ. 2014ರ ಜೂನಿನಲ್ಲಿ ರೆಡ್ ಹ್ಯಾಟಿನ ಏಳನೆಯ ಆವೃತ್ತಿಯೂ 2015ರ ಏಪ್ರಿಲಿನಲ್ಲಿ ಡೆಬಿಯನ್ನಿನ ಎಂಟನೆಯ ಆವೃತ್ತಿಯೂ ‘ಸಿಸ್ಟಮ್‌ಡಿ’ಯನ್ನು ಅಳವಡಿಸಿಕೊಂಡಾಗ, ಸೇವೆಗಳನ್ನು ಆರಂಭಿಸುವ ನಿಲ್ಲಿಸುವ ಹಳೆಯ ಕ್ರಮವನ್ನು ಕರತಲಾಮಲಕ ಮಾಡಿಕೊಂಡಿದ್ದವರೆಲ್ಲ ಮತ್ತೆ ವಿದ್ಯಾರ್ಥಿಗಳಾಗಬೇಕಾಯಿತು. 2019ರಲ್ಲಿ ಆರ್‌ಎಚ್‌ಸಿಇ ಪರೀಕ್ಷೆಯೇ ಸ್ವರೂಪವನ್ನು ಬದಲಾಯಿಸಿತು. ಒಂದು ಯಂತ್ರದ ಮುಂದೆ ಕುಳಿತು ಸೇವೆಗಳನ್ನು ಒಂದೊಂದಾಗಿ ಏರ್ಪಡಿಸುವುದರ ಬದಲು, 2012ರಲ್ಲಿ ಹುಟ್ಟಿ 2015ರಲ್ಲಿ ರೆಡ್ ಹ್ಯಾಟಿನ ವಶವಾದ ‘ಆನ್ಸಿಬಲ್’ ಎಂಬ ಸಾಧನದಿಂದ ಹಲವು ಯಂತ್ರಗಳಿಗೆ ಒಮ್ಮೆಲೇ ಆಜ್ಞೆ ಕೊಡುವುದು ಅದರ ವಿಷಯವಾಯಿತು. ಪತ್ರದ ಹೆಸರು ಹಳೆಯದೇ, ಅದು ಸೂಚಿಸುವ ಕೆಲಸ ಬೇರೆ. ರೆಡ್ ಹ್ಯಾಟಿನ ಪತ್ರಕ್ಕೆ ಮೂರು ವರ್ಷ, ಇನ್‌ಸ್ಟಿಟ್ಯೂಟಿನ ಪತ್ರಕ್ಕೆ ಐದು ವರ್ಷ ಎಂದು ಆಯುಸ್ಸನ್ನು ಗೊತ್ತುಮಾಡಿರುವುದರಲ್ಲಿ ಶುಲ್ಕದ ಆಸೆಯೂ ಇರಬಹುದು. ಆದರೆ ಅದೊಂದೇ ಕಾರಣವೆಂದು ಹೇಳುವುದು ಅನ್ಯಾಯ.

ಪತ್ರವನ್ನು ಕೇಳುವವರು ಯಾರು ಎಂಬುದನ್ನು ಬಿಡಿಸಿ ನೋಡದೆ ಅದರ ಪ್ರಯೋಜನವನ್ನು ನಿರ್ಣಯಿಸಲಾಗದು. ಕೆಲವೆಡೆ ಅದು ಸಂಕೇತವಲ್ಲ, ಶಾಸನ. ಅಮೆರಿಕದ ರಕ್ಷಣಾ ಇಲಾಖೆಯು 2005ರಲ್ಲಿ ಪ್ರಕಟಿಸಿದ 8570ನೆಯ ಸಂಖ್ಯೆಯ ಕೈಪಿಡಿಯು, ಮಾಹಿತಿಯ ರಕ್ಷಣೆಗೆ ಸಂಬಂಧಿಸಿದ ಹುದ್ದೆಗಳಲ್ಲಿರುವವರು ಗೊತ್ತಾದ ಪತ್ರಗಳನ್ನು ಪಡೆದಿರಬೇಕೆಂದು ವಿಧಿಸಿತು. ಅದರ ಸ್ಥಾನದಲ್ಲಿ 8140ನೆಯ ಸಂಖ್ಯೆಯ ಹೊಸ ಕೈಪಿಡಿ 2023ರಲ್ಲಿ ಬಂದಿತು. ಅಂಥ ಹುದ್ದೆಗಳಲ್ಲಿ ಪತ್ರವಿಲ್ಲದ ಜ್ಞಾನಿಗೂ ಪ್ರವೇಶವಿಲ್ಲ. ಇನ್ನು ಕೆಲವು ಕಂಪನಿಗಳು ತಂತ್ರಾಂಶ ಮಾರುವವರ ಪಾಲುದಾರರಾಗಿರುತ್ತವೆ. ಆ ಪಾಲುದಾರಿಕೆಯ ದರ್ಜೆಯನ್ನು ಉಳಿಸಿಕೊಳ್ಳಲು ಇಂತಿಷ್ಟು ಮಂದಿ ಪತ್ರಧಾರಿಗಳು ತಮ್ಮಲ್ಲಿದ್ದಾರೆಂದು ಅವು ತೋರಿಸಬೇಕಾಗುತ್ತದೆ. ಇಂಥ ಕಡೆ ನೌಕರನ ಪತ್ರವು ಅವನ ಆಸ್ತಿಯಷ್ಟೇ ಅಲ್ಲ, ಕಂಪನಿಯ ಆಸ್ತಿಯೂ ಹೌದು. ಶುಲ್ಕವನ್ನು ಕಂಪನಿಯೇ ಭರಿಸುವುದೂ ಉಂಟು. ಉದ್ಯೋಗ ಅರಸುವವರಿಗೆ ಇದನ್ನು ಸಾಮಾನ್ಯವಾಗಿ ಯಾರೂ ತಿಳಿಸುವುದಿಲ್ಲ. ಇವೆರಡರ ಹೊರಗೆ ಉಳಿಯುವುದು, ನೂರಾರು ಅರ್ಜಿಗಳನ್ನು ಜರಡಿ ಹಿಡಿಯುವ ನೇಮಕಾತಿ ವಿಭಾಗ. ಅಲ್ಲಿ ಕುಳಿತವರು ಲಿನಕ್ಸನ್ನು ಬಲ್ಲವರಲ್ಲ; ಕೆಲವೆಡೆ ಜರಡಿ ಹಿಡಿಯುವುದೂ ಯಂತ್ರವೇ. ಅವರು ನೋಡುವುದು ಶಬ್ದಗಳನ್ನು. ವೃತ್ತಿಯನ್ನು ಬದಲಾಯಿಸುವವನ ಹಿಂದಿನ ಹುದ್ದೆಗಳಲ್ಲಿ ಆ ಶಬ್ದಗಳು ಇರುವುದಿಲ್ಲವಾದುದರಿಂದ, ಪತ್ರದ ಹೆಸರೇ ಅವನ ಅರ್ಜಿಯಲ್ಲಿ ಅವು ಕಾಣಿಸಿಕೊಳ್ಳುವ ಒಂದು ದಾರಿ.

ನಮ್ಮ ದೇಶದಲ್ಲಿ, ವಿಶೇಷವಾಗಿ ಬೆಂಗಳೂರಿನಲ್ಲಿ, ಮೊದಲ ತಲೆಮಾರಿನವರು ಬಂದ ದಾರಿ ಪತ್ರದ್ದಲ್ಲ, ಬಳಗದ್ದು. 1996ರಲ್ಲಿ ‘ಪಿಸಿಕ್ವೆಸ್ಟ್’ ಮಾಸಪತ್ರಿಕೆಯ ಜೊತೆಗೆ ಲಿನಕ್ಸಿನ ಸಿಡಿಯನ್ನು ಹಂಚುವುದಕ್ಕೆ ಕಾರಣರಾದ ಅತುಲ್ ಚಿಟ್ನಿಸ್ ಅವರು, ಮುಂದೆ 2001ರಿಂದ ‘ಲಿನಕ್ಸ್ ಬೆಂಗಳೂರು’ ಎಂಬ ವಾರ್ಷಿಕ ಸಮ್ಮೇಳನವನ್ನು ಮುನ್ನಡೆಸಿದರು. 2005ರಿಂದ ಅದು ‘ಫಾಸ್ ಡಾಟ್ ಇನ್’ ಎಂಬ ಹೆಸರಿನಿಂದ 2012ರ ತನಕ ನಡೆಯಿತು. ಅಂತರ್ಜಾಲದ ಸಂಪರ್ಕ ದುರ್ಲಭವಾಗಿದ್ದ ದಿನಗಳಲ್ಲಿ ಆ ಸಿಡಿಯನ್ನು ಕೈಯಿಂದ ಕೈಗೆ ದಾಟಿಸಿ, ಭಾನುವಾರಗಳಂದು ಒಬ್ಬರ ಯಂತ್ರವನ್ನು ಇನ್ನೊಬ್ಬರು ಸರಿಪಡಿಸುತ್ತ ಕಲಿತವರಿಗೆ, ಅಂಥ ಸಮ್ಮೇಳನದಲ್ಲಿ ಒಂದು ಉಪನ್ಯಾಸ ಕೊಟ್ಟದ್ದೇ ಪತ್ರಕ್ಕೆ ಸಮನಾಗಿತ್ತು. ಉದ್ಯಮ ಬೆಳೆದು ಸಾವಿರಾರು ಮಂದಿಯನ್ನು ಒಮ್ಮೆಲೇ ನೇಮಿಸಿಕೊಳ್ಳತೊಡಗಿದ ಮೇಲೆ ಈ ಪರಿಚಯದ ದಾರಿ ಸಾಕಾಗದಾಯಿತು. ಅಮೀರ್‌ಪೇಟೆಯಿಂದ ಮಾರತಹಳ್ಳಿಯವರೆಗೆ ತರಬೇತಿ ಕೇಂದ್ರಗಳು ಹಬ್ಬಿದುದಕ್ಕೆ ಇದೂ ಒಂದು ಕಾರಣ.

ಇದಕ್ಕೆ ಸೇರಿಸಿ ಹೇಳಬೇಕಾದ ಇನ್ನೊಂದು ಬದಲಾವಣೆಯುಂಟು. ನನ್ನ ಅಭಿಪ್ರಾಯದಲ್ಲಿ ಈ ಇಡೀ ಇತಿಹಾಸದ ಕೀಲಿಯೇ ಇದು. ಹಿಂದೆ ಪ್ರತಿಯೊಂದು ದೊಡ್ಡ ಕಚೇರಿಯಲ್ಲಿಯೂ ಯಂತ್ರಕೋಣೆಯೊಂದಿತ್ತು. ಟೇಪು ಬದಲಾಯಿಸುವವನಾಗಿ ಅಲ್ಲಿಗೆ ಹೊಕ್ಕವನು ಐದಾರು ವರ್ಷಗಳಲ್ಲಿ ನಿರ್ವಾಹಕನಾಗಿ ಹೊರಬರುತ್ತಿದ್ದನು. 2006ರಲ್ಲಿ ಅಮೆಜಾನ್ ಕಂಪನಿಯು ಯಂತ್ರಗಳನ್ನು ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಕೊಡಲಾರಂಭಿಸಿದ ಮೇಲೆ ಕಚೇರಿಗಳ ಯಂತ್ರಕೋಣೆಗಳು ಒಂದೊಂದಾಗಿ ಮುಚ್ಚತೊಡಗಿದುವು. ಉಳಿದ ಕೆಲಸವನ್ನು ಸ್ವಯಂಚಾಲಿತ ಸಾಧನಗಳ ನೆರವಿನಿಂದ ಕೆಲವೇ ಅನುಭವಿಗಳು ಮಾಡಿಮುಗಿಸುತ್ತಾರೆ. ಹೀಗೆ ಶಿಷ್ಯನು ಒಳಹೊಗುತ್ತಿದ್ದ ಚಿಕ್ಕ ಬಾಗಿಲು ಕಿರಿದಾಯಿತು. ಆ ಬಾಗಿಲು ಕಿರಿದಾದಷ್ಟೂ ಪತ್ರಕ್ಕೆ ಬೇಡಿಕೆ ಏರಿತು. ಆದರೆ ಪತ್ರವು ಬಾಗಿಲನ್ನು ತಟ್ಟಬಲ್ಲುದೇ ಹೊರತು ಅಗಲಿಸಲಾರದು. ಲಿನಕ್ಸ್ ನಿರ್ವಾಹಕನ ಹುದ್ದೆ ಹೊಸಬನಿಗೆ ನೇರವಾಗಿ ದೊರೆಯುವ ಹುದ್ದೆಯಲ್ಲವೆಂಬ ಸತ್ಯವನ್ನು ತರಬೇತಿ ಕೇಂದ್ರಗಳ ಫಲಕಗಳು ಹೇಳುವುದಿಲ್ಲ. ಬಹುಮಂದಿಗೆ ಮೊದಲು ದೊರೆಯುವುದು ಬಳಕೆದಾರರ ದೂರುಗಳನ್ನು ಕೇಳುವ ಸಹಾಯವಾಣಿಯ ಕೆಲಸ, ಅಥವಾ ರಾತ್ರಿಪಾಳಿಯಲ್ಲಿ ಯಂತ್ರಗಳ ಆರೋಗ್ಯವನ್ನು ಪರದೆಯ ಮೇಲೆ ಕಾಯುವ ಕೆಲಸ.

ಹೀಗಿರುವುದರಿಂದ ಪ್ರಯೋಜನದ ಪ್ರಶ್ನೆಗೆ ಉತ್ತರವು ಕೇಳುವವನು ಎಲ್ಲಿಂದ ಬರುತ್ತಿದ್ದಾನೆಂಬುದನ್ನು ಅವಲಂಬಿಸಿದೆ. ವಿಂಡೋಸ್ ಯಂತ್ರಗಳನ್ನೋ ಜಾಲದ ಉಪಕರಣಗಳನ್ನೋ ಈಗಾಗಲೇ ನೋಡಿಕೊಳ್ಳುತ್ತಿರುವವನಿಗೆ ಅರ್ಧ ಸೇವಾಪತ್ರ ಇದ್ದೇ ಇದೆ. ಒಂದು ಪ್ರಾಯೋಗಿಕ ಪರೀಕ್ಷೆಯ ಪತ್ರ ಉಳಿದರ್ಧವನ್ನು ತಕ್ಕಮಟ್ಟಿಗೆ ತುಂಬುತ್ತದೆ. ತಂತ್ರಾಂಶ ಬರೆಯುವವನಿಗೆ ಅದರ ಅಗತ್ಯ ಕಡಮೆ. ಲೆಕ್ಕಪತ್ರದ ಗುಮಾಸ್ತೆಯಾಗಿಯೋ ಶಾಲೆಯ ಉಪಾಧ್ಯಾಯಿನಿಯಾಗಿಯೋ ಇದ್ದು, ಮೂವತ್ತೈದರ ಪ್ರಾಯದಲ್ಲಿ ಈ ಕಡೆಗೆ ತಿರುಗುವವರ ವಿಷಯವೇ ಕಠಿಣವಾದದ್ದು. ಪತ್ರದ ಅಗತ್ಯ ಅವರಿಗೆ ಎಲ್ಲರಿಗಿಂತ ಹೆಚ್ಚು. ಅದು ಸಾಲದೆ ಬರುವುದೂ ಅವರಿಗೇ ಹೆಚ್ಚು. ಅಂಥವರು ಒಂದು ಪತ್ರದಿಂದ ಕೆಲಸ ಸಿಗಲಿಲ್ಲವೆಂದು ಎರಡನೆಯದನ್ನೂ ಮೂರನೆಯದನ್ನೂ ಕೊಳ್ಳಲು ಹೊರಡುವುದು ಹಣವನ್ನು ಹಳ್ಳಕ್ಕೆ ಹಾಕಿದಂತೆಯೇ ಸರಿ. ಮೊದಲ ಪತ್ರ ಹೇಳಿದ್ದನ್ನೇ ಎರಡನೆಯದೂ ಹೇಳುತ್ತದೆ. ಅವರಲ್ಲಿ ಇಲ್ಲದಿರುವುದು ಇನ್ನೊಂದು ಬಗೆಯ ಸಾಕ್ಷಿ.

ಆ ಸಾಕ್ಷಿಯನ್ನು ನೌಕರಿಯಿಲ್ಲದೆಯೇ ಗಳಿಸಲು ಅವಕಾಶವಿರುವುದು ಲಿನಕ್ಸ್ ಲೋಕದ ವೈಶಿಷ್ಟ್ಯ. ಡೆಬಿಯನ್ ಯೋಜನೆಯು 2000ದ ಸುಮಾರಿಗೆ ರೂಪಿಸಿಕೊಂಡ ಪ್ರವೇಶಕ್ರಮ ಇದಕ್ಕೆ ಒಳ್ಳೆಯ ನಿದರ್ಶನ. ಸದಸ್ಯನಾಗಬಯಸುವವನ ಗುರುತನ್ನು ಹಳೆಯ ಸದಸ್ಯನೊಬ್ಬನು ಮುಖತಃ ಕಂಡು ದೃಢಪಡಿಸಬೇಕು. ಯೋಜನೆಯ ತತ್ತ್ವಗಳನ್ನೂ ತಾಂತ್ರಿಕ ವಿಧಾನಗಳನ್ನೂ ಕುರಿತ ಪ್ರಶ್ನೆಗಳಿಗೆ ಅವನು ಉತ್ತರ ಬರೆಯಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಅದುವರೆಗೆ ನಿರ್ವಹಿಸಿದ ಕೆಲಸವನ್ನು ತೋರಿಸಬೇಕು. 1850ರ ಶಾಸನ ಬೇರ್ಪಡಿಸಿದ ಎರಡು ಪತ್ರಗಳು ಇಲ್ಲಿ ಒಂದಾಗಿವೆ, ಶುಲ್ಕವೂ ಇಲ್ಲ. ಅಷ್ಟು ದೂರ ಹೋಗದವರೂ ದೋಷಗಳನ್ನು ವರದಿ ಮಾಡುವುದು, ಕೈಪಿಡಿಯ ಪುಟಗಳನ್ನು ತಿದ್ದುವುದು ಮುಂತಾದ ಸಣ್ಣ ಕೆಲಸಗಳಿಂದ ದಿನಾಂಕಸಹಿತವಾದ ದಾಖಲೆಯನ್ನು ಬೆಳೆಸಿಕೊಳ್ಳಬಹುದು.

ಅಭ್ಯಾಸಕ್ಕೆ ಬೇಕಾದ ಸಾಮಗ್ರಿಯ ವಿಷಯದಲ್ಲಿಯೂ ಒಂದು ಮಾತು. ರೆಡ್ ಹ್ಯಾಟಿನ ವ್ಯವಸ್ಥೆಯನ್ನೇ ಹೋಲುವ, ಹಣ ಕೊಡದೆ ದೊರೆಯುತ್ತಿದ್ದ ‘ಸೆಂಟ್‌ಓಎಸ್’ 2004ರಿಂದ ಪರೀಕ್ಷಾರ್ಥಿಗಳ ಗರಡಿಮನೆಯಾಗಿತ್ತು. ಅದರ ಎಂಟನೆಯ ಆವೃತ್ತಿಯನ್ನು 2021ರ ಕೊನೆಗೆ ನಿಲ್ಲಿಸುವುದಾಗಿ 2020ರ ಡಿಸೆಂಬರಿನಲ್ಲಿ ಘೋಷಣೆ ಹೊರಟಾಗ ಕಳವಳವುಂಟಾಯಿತು. ಆದರೆ ಮರುವರ್ಷವೇ ‘ರಾಕಿ’ ಮತ್ತು ‘ಆಲ್ಮಾ’ ಎಂಬ ಎರಡು ವ್ಯವಸ್ಥೆಗಳು ಅದರ ಸ್ಥಾನವನ್ನು ತುಂಬಿದುವು. ರೆಡ್ ಹ್ಯಾಟ್ ತಾನೂ ಬಿಡಿ ಕಲಿಕೆಗಾರರು ತನ್ನ ವ್ಯವಸ್ಥೆಯನ್ನು 16 ಯಂತ್ರಗಳವರೆಗೆ ಹಣವಿಲ್ಲದೆ ಬಳಸಲು ಅನುಮತಿಯಿತ್ತಿತು. ನಮ್ಮ ಕಾಲೇಜುಗಳ ಪ್ರಯೋಗಾಲಯಗಳಲ್ಲಿ ಪ್ರತಿಬೇಸಗೆಯಲ್ಲಿಯೂ ಹಳೆಯ ಗಣಕಗಳನ್ನು ಮೂಲೆಗೆ ಸೇರಿಸುತ್ತೇವೆ. ಅಂಥ ಎರಡು ಯಂತ್ರಗಳನ್ನು ಒಬ್ಬ ವಿದ್ಯಾರ್ಥಿಯ ವಶಕ್ಕೆ ಕೊಟ್ಟು, ವಿಭಾಗದ ಕಡತಗಳನ್ನೋ ಗ್ರಂಥಾಲಯದ ಸೂಚಿಯನ್ನೋ ಅವುಗಳ ಮೇಲಿರಿಸಿ, ಇಡೀ ವರ್ಷ ಅಳಿಸದೆ ನಡೆಸಿಕೊಂಡು ಬರುವಂತೆಯೂ, ಕೆಟ್ಟದ್ದೇನು, ಯಾವಾಗ, ಸರಿಪಡಿಸಿದ್ದು ಹೇಗೆ ಎಂಬುದನ್ನು ಹಡಗಿನ ದಿನಚರಿಯಂತೆ ಒಂದು ಪುಸ್ತಕದಲ್ಲಿ ಬರೆದಿಡುವಂತೆಯೂ ಹೇಳುವುದಕ್ಕೆ ವಿಶ್ವವಿದ್ಯಾನಿಲಯದ ಅನುಮತಿಯೇನೂ ಬೇಕಾಗುವುದಿಲ್ಲ.